ಹಿರಿಯರು ನೋಡಿದ ಕಟ್ಟು

ನಾನು ಬೆಂಗಳೂರಿಗೆ ಬಂದ ಮರುದಿನ ಬೆಳಗ್ಗೆ ಕಿಟಕಿ ತೆರೆದರೆ ಎದುರಿಗೆ ಒಬ್ಬ ಮನುಷ್ಯ ಹಲ್ಲುಜ್ಜುತ್ತಿದ್ದ. ಎದುರಿಗೆ ಅಂದರೆ ರಸ್ತೆಯಾಚೆ ಅಲ್ಲ. ಕೈ ಚಾಚಿದ್ದರೆ ಅವನ ಬ್ರಷ್ಷು ಹಿಡಿಯಬಹುದಿತ್ತು. ಜರಗನಹಳ್ಳಿಯಲ್ಲಿ ಮನೆಗಳು ಹಾಗೆ, ಒಂದರ ಉಸಿರು ಇನ್ನೊಂದಕ್ಕೆ ತಾಗುವಷ್ಟು ಹತ್ತಿರ. ಅವನು ನನ್ನನ್ನು ನೋಡಿದ. ನಾನು ಗದಗಿನ ರೂಢಿಯಂತೆ, "ಚಾ ಆತೇನ್ರಿ?" ಅಂದೆ. ಅವನು ನೊರೆ ಉಗುಳಿ, ಬಾಯಿ ತೊಳೆದು, ಕಿಟಕಿ ಹಾಕಿಕೊಂಡ.

ಅವನೇನು ಕೆಟ್ಟವನಲ್ಲ. ಆಮೇಲೆ ತಿಳಿಯಿತು, ಇಲ್ಲಿ ಅಷ್ಟು ಹತ್ತಿರ ಇರುವವರು ಒಬ್ಬರನ್ನೊಬ್ಬರು ನೋಡಿಲ್ಲ ಅನ್ನುವಂತೆ ಇರುವುದೇ ಮರ್ಯಾದೆ. ನಮ್ಮ ಕಡೆ ಮಾತಾಡಿಸದಿದ್ದರೆ ಅವಮಾನ, ಇಲ್ಲಿ ಮಾತಾಡಿಸಿದರೆ ತೊಂದರೆ. ಎರಡೂ ಮರ್ಯಾದೆಯೇ. ಇದನ್ನು ಅರಗಿಸಿಕೊಳ್ಳಲು ನನಗೆ ಒಂದು ವರ್ಷ ಬೇಕಾಯಿತು.

ಊರಲ್ಲಿ ನನ್ನ ಬಲ್ಲವರಿಗೆ ಗೊತ್ತು, ನಾನು ಏಳನೇತ್ತೆಗೆ ಸಾಲಿ ಬಿಟ್ಟವನು. ಅಪ್ಪ ಹೋದ ಮೇಲೆ ಕಾಕಾ, ಅಂದರೆ ಅಪ್ಪನ ತಮ್ಮ, ನನ್ನನ್ನು ಗದಗಿನ ಬೈಂಡಿಂಗ್ ಅಂಗಡಿಗೆ ಕರೆದೊಯ್ದು ಕೈಗೆ ಸೂಜಿ ದಾರ ಕೊಟ್ಟರು. ಮುಂದೆ ಕಾಕಾ ಬೆಂಗಳೂರಿಗೆ ಬಂದರು. ಗದಗಿನ ಅಂಗಡಿಯಲ್ಲಿ ದಾರದ ಕೆಲಸ ಕಡಿಮೆಯಾದಾಗ ನನ್ನನ್ನೂ ಕರೆಸಿಕೊಂಡರು. ಪುಸ್ತಕವನ್ನು ಅಂಟು ಬಳಿದು ಮುಗಿಸುವವರು ಸಾವಿರ ಮಂದಿ ಸಿಗುತ್ತಾರೆ. ದಾರದಲ್ಲಿ ಹೊಲಿದು, ಬೆನ್ನು ದುಂಡಗೆ ಬಡಿದು, ಅರವತ್ತು ವರ್ಷ ಬಾಳುವಂತೆ ಕಟ್ಟುವವರು ಸಿಗುವುದಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬವೇ ಅಂದರೂ ಸರಿ.

ನಮ್ಮ ಮಾಲೀಕರು ಚಂದ್ರಪ್ಪ, ಜರಗನಹಳ್ಳಿಯ ಹಳೇ ಮನೆತನದವರು. ಕನಕಪುರ ರಸ್ತೆಯಿಂದ ಒಳಗೆ ಅವರದೊಂದು ಶೆಡ್ಡು. ಅದರ ಹಿಂದೆ ಅವರದೇ ಬಾಡಿಗೆ ಕೋಣೆಗಳು, ಅದರಲ್ಲೊಂದು ನನಗೂ ಕಾಕಾಗೂ. "ನೀವ್ ನಿಂತಿದೀರಲ್ಲ, ಅಲ್ಲಿ ನಮ್ ತಾತ ರಾಗಿ ಬೆಳೀತಿದ್ರು" ಅಂತ ಹೇಳುವಾಗ ಅವರು ಸಿಮೆಂಟಿನ ನೆಲವನ್ನೇ ನೋಡುತ್ತಿದ್ದರು. ಊರು ಬಿಡದೆಯೂ ಮನುಷ್ಯ ವಲಸೆ ಹೋಗಬಹುದು ಅನ್ನುವುದನ್ನು ನಾನು ಅವರಿಂದ ಕಲಿತೆ. ಅವರ ಊರೇ ಅವರನ್ನು ಬಿಟ್ಟು ಹೋಗಿತ್ತು.

ಮೊದಲ ವಾರ ಅವರ ಮನೆಯಿಂದ ಮುದ್ದೆ, ಬಸ್ಸಾರು ಬಂತು. ಬಸ್ಸಾರು ಅಂದರೆ ಸೊಪ್ಪು ಕಾಳು ಬೇಯಿಸಿದ ನೀರನ್ನು ಬಸಿದು ಅದರಿಂದಲೇ ಮಾಡುವ ಸಾರು. ನಾನು ಮುದ್ದೆಯನ್ನು ರೊಟ್ಟಿಯಂತೆ ಅಗಿಯುತ್ತ ಕೂತೆ. ಶೆಡ್ಡಿನಲ್ಲಿ ಕತ್ತರಿಸುವ ಮಷಿನ್ನು ನಡೆಸುವ ಮುನಿರಾಜು ಹೊಟ್ಟೆ ಹಿಡಿದುಕೊಂಡು ನಕ್ಕ.

"ಗುರು, ಅದನ್ನ ಅಗೀಬಾರ್ದು! ನುಂಗ್ಬೇಕು, ಹಾವು ಕಪ್ಪೆ ನುಂಗ್ದಂಗೆ!"

"ಅಗಿಯದ ಊಟ ಊಟೇನ್ರಿ?"

"ನೀವ್ ಮಾತಾಡಿದ್ರೆ ಜಗಳ ಆಡ್ದಂಗಿರುತ್ತೆ ಮಾರಾಯ. ಊಟ ಮಾಡಿದ್ರೆ ಕಲ್ಲು ಒಡ್ದಂಗೆ."

ಈಗ ನಾನೂ ನುಂಗುತ್ತೇನೆ. ಆದರೆ ಕೆಲಸದ ಮೇಜಿನ ಮೇಲೆ ಊರಿನಿಂದ ತಂದ ಒಂದು ರೂಢಿಯನ್ನು ನಾನು ನುಂಗಲೂ ಇಲ್ಲ, ಉಗುಳಲೂ ಇಲ್ಲ. ಈ ಬರಹ ಅದರದ್ದೇ.

ನಮ್ಮ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು. ಪುಸ್ತಕ ಪ್ರೆಸ್ಸಿನಿಂದ ದೊಡ್ಡ ಹಾಳೆಗಳಾಗಿ ಬರುತ್ತದೆ. ಒಂದು ಹಾಳೆ ಮಡಿಸಿದರೆ ಹದಿನಾರು ಪುಟ, ಅದಕ್ಕೆ ಫಾರಮ್ ಅನ್ನುತ್ತೇವೆ. ಫಾರಮ್ಮುಗಳ ರಾಶಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದೊಂದರಿಂದ ಒಂದೊಂದು ಎತ್ತಿದರೆ ಒಂದು ಕಟ್ಟು. ಪ್ರತಿ ಫಾರಮ್ಮಿನ ಬೆನ್ನಿಗೆ ಒಂದು ಕಪ್ಪು ಗುರುತು ಇರುತ್ತದೆ, ಹಿಂದಿನದಕ್ಕಿಂತ ಸ್ವಲ್ಪ ಕೆಳಗೆ. ಕಟ್ಟು ಸರಿಯಾಗಿದ್ದರೆ ಬೆನ್ನಿನ ಮೇಲೆ ಮೆಟ್ಟಿಲು ಇಳಿದಂತೆ ಕಾಣುತ್ತದೆ. ಒಂದು ಹಿಂದುಮುಂದಾದರೆ ಮೆಟ್ಟಿಲು ಮುರಿಯುತ್ತದೆ. ಹೊಲಿಯುವ ಮುಂಚೆ ಒಮ್ಮೆ ಕಣ್ಣು ಹಾಯಿಸಿದರೆ ಸಾಕು.

ಗದಗಿನ ನಮ್ಮ ಅಂಗಡಿಯಲ್ಲಿ ಹೀಗೆ ಕಣ್ಣು ಹಾಯಿಸುವುದು ಹಿರಿಯನ ಕೆಲಸ. ಹಿರಿಯ ನೋಡಿ ಮುಂದೆ ಸರಿಸಿದ ಕಟ್ಟನ್ನು ಕಿರಿಯ ಮತ್ತೆ ನೋಡಬಾರದು. ನೋಡಿದರೆ, ನಿಮ್ಮ ಕಣ್ಣು ನನಗೆ ಸಾಲದು ಅಂದಂತೆ. ಬೆಂಗಳೂರಿನಲ್ಲಿ ಹಾಗಲ್ಲ. ಚಂದ್ರಪ್ಪನವರ ಶೆಡ್ಡಿನಲ್ಲಿ ಪ್ರತಿಯೊಬ್ಬನೂ ಪ್ರತಿಯೊಬ್ಬನ ಕೆಲಸ ನೋಡಿ, ಕಟ್ಟಿನ ಜೊತೆ ಬರುವ ಚೀಟಿಯ ಮೇಲೆ ಗುರುತು ಹಾಕಬೇಕು. ಮುನಿರಾಜುವಿನ ಕೆಲಸ ನಾನು ನೋಡುತ್ತಿದ್ದೆ. ಕಾಕಾ ಸರಿಸಿದ ಕಟ್ಟಿಗೆ ಮಾತ್ರ ನೋಡದೆಯೇ ಗುರುತು ಹಾಕುತ್ತಿದ್ದೆ. ಅದು ಸುಳ್ಳು ಅಂತ ನನಗೆ ಒಂದು ದಿನವೂ ಅನಿಸಲಿಲ್ಲ. ಗೌರವ ಅಂತಲೇ ಅನಿಸಿತ್ತು.

ಹೋದ ವರ್ಷ ಪದ್ಮನಾಭನಗರದಿಂದ ಸರೋಜಾ ಮೇಡಂ ಬಂದರು. ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಹಳೇ ಕಾಲದ ಚೀನಾದ ಗುರುಗಳು ಒಳ್ಳೆಯದು ಕೆಟ್ಟದ್ದರ ಬಗ್ಗೆ ಏನು ಯೋಚಿಸಿದರು ಅಂತ ಕನ್ನಡದಲ್ಲಿ ಪುಸ್ತಕ ಬರೆದಿದ್ದರು. ಮುನ್ನೂರು ಪ್ರತಿ, ಹದಿಮೂರು ಫಾರಮ್, ದಾರದ ಹೊಲಿಗೆಯೇ ಆಗಬೇಕು. "ನನ್ನ ಜೀವನದಲ್ಲಿ ಇದೊಂದೇ ಪುಸ್ತಕ. ಬಿಚ್ಚಿಹೋಗಬಾರದು" ಅಂದರು.

ಸಾಲಿ ಬಿಟ್ಟ ಮೇಲೆ ನಾನು ಓದಿದ್ದೆಲ್ಲ ಫಾರಮ್ಮಿನ ಮೇಲೆಯೇ. ಮಡಿಸುವಾಗ ಕಣ್ಣಿಗೆ ಬಿದ್ದದ್ದನ್ನು ಓದುತ್ತೇನೆ. ಮೊದಲು ಕಣ್ಣಿಗೆ ಬಿದ್ದದ್ದು 'ಲೀ' ಅನ್ನುವ ಚೀನಾದವರ ಮಾತು. ಎದ್ದು ನಿಲ್ಲುವುದು, ಬಾಗುವುದು, ಯಾರಿಗೆ ಮೊದಲು ಬಡಿಸಬೇಕು, ಸತ್ತವರನ್ನು ಹೇಗೆ ಕಳಿಸಬೇಕು, ಇಂಥ ಚಿಕ್ಕ ಚಿಕ್ಕ ರೀತಿಗಳಿಗೆಲ್ಲ ಸೇರಿ ಆ ಹೆಸರು. ಒಂದು ಪಂಥದ ಗುರುಗಳು ಹೇಳುತ್ತಿದ್ದರಂತೆ: ಮನುಷ್ಯ ಒಳಗೆ ಒಳ್ಳೆಯವನಾದರೆ ಸಾಲದು, ಈ ರೀತಿಗಳಲ್ಲಿ ಪಳಗಿ ಪಳಗಿಯೇ ಒಳ್ಳೆಯತನ ಬೆಳೆಯುತ್ತದೆ, ಪ್ರೀತಿ ಮನೆಯ ಒಲೆಯಿಂದ ಶುರುವಾಗಿ ಹೊರಗೆ ಹರಡಬೇಕು. ಕಿಟಕಿಯಲ್ಲಿ ಚಾ ಆತೇನ್ರಿ ಅಂದಿದ್ದು ನೆನಪಾಯಿತು. ಅಷ್ಟು ದೂರದ, ಅಷ್ಟು ಹಿಂದಿನ ಜನ ನಮ್ಮ ಓಣಿಯವರಂತೆ ಕಂಡರು.

ಮುಂದಿನ ಫಾರಮ್ಮಿನಲ್ಲಿ ಅವರ ಎದುರಾಳಿಗಳು. ಇವರಲ್ಲಿ ಎಷ್ಟೋ ಮಂದಿ ಬಡಗಿಗಳು, ಗಾಲಿ ಮಾಡುವವರು, ಕೈಕಸುಬಿನವರು. ಮರ ನೆಟ್ಟಗಿದೆಯೋ ಇಲ್ಲವೋ ನೋಡಲು ಮೂಲೆಮಟ್ಟ ಹಿಡಿಯುತ್ತೇವೆ. ನನ್ನ ಮರ ನಿನ್ನ ಮರ ಅಂತ ಮೂಲೆಮಟ್ಟ ಬದಲಾಗುವುದಿಲ್ಲ. ಹಾಗೆಯೇ ನನ್ನ ಅಪ್ಪ ನಿನ್ನ ಅಪ್ಪ ಅನ್ನದೆ ಎಲ್ಲರಿಗೂ ಒಂದೇ ಅಳತೆ, ಎಲ್ಲರ ಮೇಲೂ ಒಂದೇ ಕಾಳಜಿ ಇರಬೇಕು ಅನ್ನುವುದು ಅವರ ವಾದ. ನಾನು ಮೇಜಿನ ಮೇಲಿದ್ದ ನನ್ನ ಮೂಲೆಮಟ್ಟ ನೋಡಿದೆ. ಇವರು ನಮ್ಮವರು ಅಂದುಕೊಂಡೆ. ಓದಿದವರ ಜಗಳದಲ್ಲಿ ಕೈ ಕೆಲಸದವನಿಗೂ ಒಂದು ಜಾಗ ಇತ್ತು ಅಂತ ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಮೇಡಂ ವಾರಕ್ಕೆರಡು ಸಲ ಬರುತ್ತಿದ್ದರು, ತಮ್ಮ ಪುಸ್ತಕ ಹೊಲಿಯುವುದನ್ನು ನೋಡಲು. ನಾನು ಓದುತ್ತೇನೆ ಅಂತ ತಿಳಿದ ಮೇಲೆ ನನ್ನ ಹತ್ತಿರವೇ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಒಂದು ದಿನ ಎಲ್ಲರನ್ನೂ ಕೇಳಿದರು.

"ಒಂದು ಹಳೇ ಪ್ರಶ್ನೆ ಇದೆ. ಅಪ್ಪ ಪಕ್ಕದವರ ಕುರಿ ಕದ್ದ. ಮಗನಿಗೆ ಗೊತ್ತು. ಮಗ ಸಾಕ್ಷಿ ಹೇಳಬೇಕಾ, ಮುಚ್ಚಿಡಬೇಕಾ?"

"ಕುರಿ ಏನಾಯ್ತು ಮೇಡಂ?" ಅಂದ ಮುನಿರಾಜು. "ಬಿರಿಯಾನಿ ಆಗಿದ್ರೆ ಸಾಕ್ಷಿ ಎಲ್ಲಿಂದ ಬರುತ್ತೆ?"

"ತಮಾಷೆ ಬೇಡ ಕಣಯ್ಯ."

"ತಮಾಷೆ ಅಲ್ಲ ಮೇಡಂ. ಮಗನೂ ಎರಡು ಪೀಸು ತಿಂದಿರ್ತಾನೆ."

ಮೇಡಂ ನಕ್ಕರು. "ಮನೆಯಿಂದ ಪ್ರೀತಿ ಶುರುವಾಗಬೇಕು ಅಂದ ಗುರು, ಮುಚ್ಚಿಡುವುದರಲ್ಲೇ ನೇರತನ ಇದೆ ಅಂದರು. ನಿಮ್ಮ ಬಡಗಿಗಳಿಗೆ ಅದು ಹಿಡಿಸುವ ಮಾತಲ್ಲ. ನೀವೇನಂತೀರಿ?"

"ಅಳತೆ ಅಂದ್ರ ಅಳತೆ ಮೇಡಂ," ಅಂದೆ ನಾನು. "ಸಾಕ್ಷಿ ಹೇಳಬೇಕು." ಗಟ್ಟಿಯಾಗಿಯೇ ಅಂದೆ. ಕಾಕಾ ಮೇಜಿನ ಆ ತುದಿಯಲ್ಲಿ ಕಟ್ಟು ಸರಿಸುತ್ತಿದ್ದರು.

ಒಂದು ಶುಕ್ರವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ, ರಟ್ಟು ಹಾಕಿ ಮುಗಿಸಿದ ಒಂದು ಪ್ರತಿ ತೆಗೆದುಕೊಂಡು ಮೊದಲಿನಿಂದ ಓದತೊಡಗಿದೆ. ಅಲ್ಲಿಯವರೆಗೆ ತುಂಡು ತುಂಡಾಗಿ ಓದಿದ್ದನ್ನು ಒಮ್ಮೆ ಸಾಲಾಗಿ ಓದುವ ಆಸೆ. ಒಂದು ಕಡೆ ಬಂದು ನಿಂತೆ. ಕುರಿಯ ಪ್ರಶ್ನೆ ಕೇಳಿದ್ದಾರೆ, ಎದುರು ಪುಟದಲ್ಲಿ ಅರ್ಧ ವಾಕ್ಯದಿಂದ ಬಡಗಿಗಳ ವಾದ. ಗುರುವಿನ ಉತ್ತರವೇ ಇಲ್ಲ. ಮತ್ತೆ ಓದಿದೆ. ಏಳನೇತ್ತೆಯವನ ತಲೆಗೆ ಹತ್ತುತ್ತಿಲ್ಲ ಅಂತ ನನ್ನನ್ನೇ ಬೈದುಕೊಂಡೆ. ಮೂರನೇ ಸಲ ಪುಟದ ಅಂಕಿ ನೋಡಿದೆ. ತೊಂಬತ್ತಾರು ಆದ ಮೇಲೆ ನೂರಾ ಹದಿಮೂರು.

ಏಳನೇ ಫಾರಮ್ಮೂ ಎಂಟನೇ ಫಾರಮ್ಮೂ ಹಿಂದುಮುಂದಾಗಿದ್ದವು. ಹೊಲಿದು ಇಟ್ಟಿದ್ದ ಇನ್ನೊಂದು ಪುಸ್ತಕದ ಬೆನ್ನು ನೋಡಿದೆ. ಮೆಟ್ಟಿಲು ಮುರಿದಿತ್ತು. ಮತ್ತೊಂದು, ಮತ್ತೊಂದು. ಎಲ್ಲವೂ. ರಾಶಿ ಇಡುವಾಗಲೇ ತಪ್ಪಿತ್ತು. ರಾಶಿ ಇಟ್ಟವರು ಕಾಕಾ, ನೋಡಿ ಸರಿಸಿದವರು ಕಾಕಾ. ನೋಡದೆ ಹೊಲಿದವನು ನಾನು.

ಕಾಕಾ ಕಿಟಕಿಯ ಹತ್ತಿರ ರೊಟ್ಟಿ ತಿನ್ನುತ್ತಿದ್ದರು. ಪಕ್ಕ ಕೂತು ದನಿ ತಗ್ಗಿಸಿ ಹೇಳಿದೆ, "ಕಾಕಾ, ಏಳೂ ಎಂಟೂ ಅದಲಿ ಬದಲಿ ಆಗ್ಯಾವ."

ಅವರು ರೊಟ್ಟಿ ಕೆಳಗಿಟ್ಟರು. "ನನ್ನ ಕಟ್ಟು ತಿರುವಿ ನೋಡಿದೇನು?"

"ಓದಾಕತ್ತಿದ್ದೆ, ಕಾಕಾ..."

"ನೋಡಿದೇನು ಅಂತ ಕೇಳಿದೆ."

ತಪ್ಪಿಗಿಂತ ಅದು ಅವರಿಗೆ ಚುಚ್ಚಿತ್ತು. ನಾನು ಹೊಲಿದ ಬೆನ್ನನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದರು, ಮೂಗಿನ ಹತ್ತಿರ ತಂದರು, ಕೊನೆಗೆ ಹೆಬ್ಬೆರಳನ್ನು ಬೆನ್ನಿನ ಮೇಲೆ ಮೇಲಿನಿಂದ ಕೆಳಗೆ ಎಳೆದರು. ಎಳೆದ ರೀತಿಯಲ್ಲೇ ನನಗೆ ತಿಳಿಯಿತು. ಅಚ್ಚಿನ ಮಸಿ ಬೆರಳಿಗೆ ಸಿಗುವುದಿಲ್ಲ. ಅಂದರೆ ಕಾಕಾ ಎಷ್ಟೋ ದಿನದಿಂದ ಕಣ್ಣಲ್ಲಿ ನೋಡುತ್ತಿರಲಿಲ್ಲ.

ಅವರ ಬಾಯಿ ಏನೋ ಹೇಳಲು ತೆರೆಯಿತು. ಅಷ್ಟರಲ್ಲಿ ಚಂದ್ರಪ್ಪ ಮೇಡಂ ಜೊತೆ ಒಳಗೆ ಬಂದರು. ತೆರೆದಿಟ್ಟ ಪುಸ್ತಕ, ಬಾಡಿದ ಮುಖಗಳು. ಕೇಳಿ ತಿಳಿದುಕೊಂಡರು. ಮೇಡಂ ಒಂದು ಪ್ರತಿ ಎತ್ತಿ ಆ ಪುಟ ತೆರೆದು ಹಾಗೇ ನಿಂತರು. ಪುಸ್ತಕದ ಬಿಡುಗಡೆಗೆ ಒಂಬತ್ತು ದಿನ ಉಳಿದಿತ್ತು.

"ಈ ರಾಶಿ ಇಟ್ಟೋರ್ ಯಾರು?" ಚಂದ್ರಪ್ಪನವರ ದನಿ ಏರಿತು. "ಯಾರ್ ನೋಡಿದ್ದು ಇದನ್ನ?"

"ನಾನು ಸಾರ್," ಅಂದೆ. "ಇಟ್ಟಿದ್ದೂ ನಾನ, ನೋಡಿದ್ದೂ ನಾನ."

ಮುನಿರಾಜು ನನ್ನನ್ನೇ ನೋಡಿದ. ಅವನಿಗೆ ಗೊತ್ತಿತ್ತು. ಮೇಡಂ ಮೆಲ್ಲಗೆ, "ನೀವಾ?" ಅಂದರು. ಅಷ್ಟೇ. ನನ್ನ ಜೊತೆ ಕೂತು ಓದಿದವರು ಹಾಗಂದದ್ದು ಬೈಗುಳಕ್ಕಿಂತ ಹೆಚ್ಚಾಯಿತು.

"ನಿನ್ ಕೈ ನೋಡಿ ನಾನು ಬೇರೆಯೋರ್ಗೆಲ್ಲ ಬುದ್ಧಿ ಹೇಳ್ತಿದ್ನಲ್ಲಪ್ಪ," ಅಂದರು ಚಂದ್ರಪ್ಪ. "ಇವತ್ತಿಂದ ಮೇಜಿಗೆ ಬರ್ಬೇಡ. ಇದನ್ನೆಲ್ಲ ಬಿಚ್ಚು. ಆಮೇಲೆ ಪ್ಯಾಕಿಂಗ್ ಮಾಡ್ಕೊಂಡಿರು."

ಹದಿನೆಂಟು ವರ್ಷದಲ್ಲಿ ನನ್ನ ಹೊಲಿಗೆ ಬಿಚ್ಚುವ ಮಾತು ಯಾರೂ ಆಡಿರಲಿಲ್ಲ. ಅಳತೆ ಅಂದ್ರ ಅಳತೆ ಅಂದವನು, ಅಳೆಯುವ ಹೊತ್ತು ಬಂದಾಗ ಮೂಲೆಮಟ್ಟವನ್ನು ಬೆನ್ನ ಹಿಂದೆ ಅಡಗಿಸಿದ್ದೆ. ಆದರೂ ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಹೆಮ್ಮೆಯೇ ಆಯಿತು. ಕಾಕಾ ಕಡೆ ನೋಡಿದೆ. ಅವರ ಮುಖದಲ್ಲಿ ನಾನು ಬಯಸಿದ್ದು ಇರಲಿಲ್ಲ. ರೊಟ್ಟಿ ಕಟ್ಟಿದ್ದ ಬಟ್ಟೆಯನ್ನು ಮಡಿಸುತ್ತಿದ್ದರು. ಮಡಿಸಿದ್ದನ್ನೇ ಮತ್ತೆ ಮಡಿಸಿದರು.

ಆ ವಾರ ದಾರ ಕತ್ತರಿಸಿದೆ, ಅಂಟು ನೆನೆಸಿದೆ, ಫಾರಮ್ಮು ಹರಿಯದಂತೆ ಬಿಡಿಸಿದೆ. ಮುನಿರಾಜು ರಾಶಿ ಇಟ್ಟು ಕಟ್ಟು ನೋಡಿದ. ಕಾಕಾ ಹೊಲಿದರು, ಹೊಲಿಗೆಗೆ ಅವರ ಕೈ ಸಾಕು, ಕಣ್ಣು ಬೇಡ. ನನ್ನ ಜೊತೆ ಮಾತಿಲ್ಲ. ದಿನಾ ಬೆಳಗ್ಗೆ ಹೊರಡುವ ಮುಂಚೆ ನಾನು, "ಕಾಕಾ, ಕಣ್ಣು ತೋರಿಸ್ಕೊಂಡು ಬರೂಣು," ಅನ್ನುತ್ತಿದ್ದೆ. ಅವರು ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದರು. ಅದೇ ಪುಸ್ತಕದಲ್ಲಿತ್ತು: ಹಿರಿಯರು ತಪ್ಪಿದರೆ ಮೆಲ್ಲಗೆ ಹೇಳಬೇಕು, ಕೇಳದಿದ್ದರೆ ಗೌರವ ಬಿಡದೆ ಮತ್ತೆ ಹೇಳಬೇಕು. ಎಷ್ಟು ಸಲ ಅಂತ ಇರಲಿಲ್ಲ.

ಬೆಂಗಳೂರಿನಲ್ಲಿ ಒಂಟಿ ಅನಿಸಿದ್ದು ಬಂದ ಹೊಸದರಲ್ಲಲ್ಲ. ಆ ವಾರ. ಒಂದೇ ಕೋಣೆಯಲ್ಲಿ ನನ್ನ ಊರಿನ ಮಾತು ಆಡುವ ಒಬ್ಬನೇ ಮನುಷ್ಯ ಇದ್ದು, ಮಾತಾಡದೇ ಇದ್ದಾಗ.

ಬಿಡುಗಡೆ ಜಯನಗರದ ಒಂದು ಸಣ್ಣ ಸಭಾಂಗಣದಲ್ಲಿ, ಭಾನುವಾರ ಬೆಳಗ್ಗೆ. ಮೇಡಂ ನಮ್ಮನ್ನೆಲ್ಲ ಕರೆದಿದ್ದರು. ಕಾರ್ಯಕ್ರಮಕ್ಕೆ ಮುಂಚೆ ಉಪ್ಪಿಟ್ಟು ಕಾಫಿ. ಮೇಡಂ ಕಾಕಾ ಹತ್ತಿರ ಬಂದು ಒಂದು ಪ್ರತಿಯನ್ನು ಎರಡೂ ಕೈಯಲ್ಲಿ ಕೊಟ್ಟರು.

"ಹೊಲಿಗೆ ಎಷ್ಟು ಚೆನ್ನಾಗಿ ಬಂದಿದೆ. ತೆಗೀರಿ, ನಿಮ್ಮ ಬಾಯಲ್ಲಿ ಒಂದೆರಡು ಸಾಲು ಓದಿ. ನಿಮ್ಮ ಗದಗಿನ ಕನ್ನಡ ಕೇಳೋಕೆ ಚೆಂದ."

ಕಾಕಾ ಪುಸ್ತಕ ತೆರೆದರು. ನಾನು, "ಮೇಡಂ, ನಾನು ಓದ್ತೀನ್ರಿ," ಅಂತ ಕೈ ಚಾಚಿದೆ. ಕಾಕಾ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದರು.

"ನಂಗ ಅಕ್ಷರ ಕಾಣಾಂಗಿಲ್ರಿ ಮೇಡಂ," ಅಂದರು. "ಆರು ತಿಂಗಳಾತು. ನಿಮ್ಮ ಪುಸ್ತಕ ಕೆಡಿಸಿದಾಂವ ನಾನು. ಇಂವಾ ಸುಳ್ಳ ಹೇಳ್ಯಾನ."

ಚಂದ್ರಪ್ಪ ಅಲ್ಲೇ ಇದ್ದರು, ಕಾಫಿ ಲೋಟ ಹಿಡಿದು. ಬೈಯುತ್ತಾರೆ ಅಂದುಕೊಂಡೆ. ಅವರು ಲೋಟ ಕೆಳಗಿಟ್ಟು, "ಯಜಮಾನ್ರೇ, ನಂಗೊಂದ್ ಮಾತು ಹೇಳ್ಬಾರ್ದಿತ್ತಾ?" ಅಂದರು. ಮೇಡಂ ಕಾಕಾ ಕೈಯಿಂದ ಪುಸ್ತಕ ತೆಗೆದುಕೊಂಡು, ಅವರ ಪಕ್ಕದಲ್ಲೇ ಕೂತು, ತಾವೇ ಎರಡು ಸಾಲು ಓದಿ ಕೇಳಿಸಿದರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಾಕಾ ಬಾಯಿ ಬಿಟ್ಟರು. ಒಂಬತ್ತು ದಿನದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು.

"ನೀ ಸುಳ್ಳ ಹೇಳಿ ನನ್ನ ಉಳಿಸಿದಿ ಅಂತ ತಿಳ್ಕೊಂಡಿ."

"ಮತ್ತೇನ್ ಮಾಡಬೇಕಿತ್ತು, ಕಾಕಾ?"

"ಒಂದು ಉಸಿರು ತಡೀಬೇಕಿತ್ತು. ನಾನ ಹೇಳ್ತಿದ್ದೆ. ಹೇಳಾಕ ಬಾಯಿ ತೆರದಿದ್ದೆ. ನೀ ಜಾಗಾನ ಬಿಡಲಿಲ್ಲ."

ಬನಶಂಕರಿ ಬರುವವರೆಗೂ ನಾನು ಆ ಪುಸ್ತಕವನ್ನೇ ನೆನೆಯುತ್ತಿದ್ದೆ. ಆ ಗುರುಗಳ ಪಂಥವೂ ಬಡಗಿಗಳ ಪಂಥವೂ ಇನ್ನೂರು ವರ್ಷ ವಾದಿಸಿದರಂತೆ, ಮುಚ್ಚಿಡಬೇಕೋ ಅಳೆಯಬೇಕೋ ಅಂತ. ಮಗ ಏನು ಮಾಡಬೇಕು ಅನ್ನುವುದೇ ಅಲ್ಲಿ ಪ್ರಶ್ನೆ. ಮಗ ಬಾಯಿ ಹಾಕುವ ಮುಂಚೆ ಅಪ್ಪನೇ ಎದ್ದು ನಿಂತು ಹೇಳಬಹುದು, ಅದಕ್ಕೆ ಒಂದು ಉಸಿರಿನಷ್ಟು ಜಾಗ ಬೇಕು ಅನ್ನುವುದು ನನಗೆ ಪುಸ್ತಕದಲ್ಲಿ ಕಂಡಿರಲಿಲ್ಲ. ಇದ್ದರೂ ಇರಬಹುದು, ನಾನು ಓದಿದ್ದು ತುಂಡು ತುಂಡಾಗಿ.

ಆಸ್ಪತ್ರೆಯಲ್ಲಿ ಕಾಕಾ ಕಣ್ಣಿನ ಪೊರೆ ತೆಗೆದರು. ಕಣ್ಣು ಬಂತು. ಚಂದ್ರಪ್ಪ ಅವರೇ ಕೋಣೆಗೆ ಬಂದು, "ಮೇಜು ಖಾಲಿ ಇದೆ ಯಜಮಾನ್ರೇ," ಅಂದರು. ಕಾಕಾ ಕೈ ಮುಗಿದು ಗದಗಿಗೆ ಹೊರಟರು. ಆ ಮೇಜಿನಲ್ಲಿ ಈಗ ನಾನಿದ್ದೇನೆ. ಯಾರದೇ ಕಟ್ಟು ಬರಲಿ, ತಿರುವಿ, ಬೆನ್ನು ನೋಡಿ, ಆಮೇಲೆ ಚೀಟಿಗೆ ಗುರುತು ಹಾಕುತ್ತೇನೆ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಕಾಕಾ ಹಳೇ ಅಂಗಡಿಯಲ್ಲೇ ಕೂರುತ್ತಿದ್ದಾರೆ, ಕನ್ನಡಕ ಹಾಕಿಕೊಂಡು. ನಾನು ಎದುರಿಗೆ ಕೂತೆ. ಅವರು ಒಂದು ಕಟ್ಟು ಜೋಡಿಸಿ, ನೋಡಿ, ನನ್ನ ಕಡೆ ಸರಿಸಿದರು. ನಾನು ಸೂಜಿಗೆ ದಾರ ಪೋಣಿಸಿದೆ.

"ನೋಡು," ಅಂದರು.

"ನೀವು ನೋಡೀರಲ್ಲ."

"ನಾನ ಹೇಳಾಕತ್ತೇನಿ, ನೋಡು."

ಅಂಗಡಿಯಲ್ಲಿದ್ದವರೆಲ್ಲ ಕೈ ನಿಲ್ಲಿಸಿದರು. ನಾನು ಕಟ್ಟಿನ ಮೇಲೆ ಕೈ ಇಟ್ಟೆ. ಬೆಂಗಳೂರಿನಲ್ಲಿ ದಿನಕ್ಕೆ ನೂರು ಸಲ ತಿರುಗುವ ಕೈ ಅದು. ಗದಗಿನಲ್ಲಿ ತಿರುಗಲಿಲ್ಲ. ಕಾಕಾ ಸ್ವಲ್ಪ ಹೊತ್ತು ಕಾದರು, ಆಮೇಲೆ ತಾವೇ ಕಟ್ಟನ್ನು ತಿರುವಿ, ಬೆನ್ನನ್ನು ನನ್ನ ಕಣ್ಣ ಮುಂದೆ ಹಿಡಿದರು. ಮೆಟ್ಟಿಲು ನೆಟ್ಟಗೆ ಇಳಿದಿತ್ತು. ನಾನು ತಲೆ ಆಡಿಸಿದೆ. ಅವರು ನಕ್ಕರೋ, ನಿಟ್ಟುಸಿರು ಬಿಟ್ಟರೋ, ತಿಳಿಯಲಿಲ್ಲ.

ವಾಪಸ್ಸು ಬಂದ ಸೋಮವಾರ ಜರಗನಹಳ್ಳಿಯಲ್ಲಿ ಮುನಿರಾಜು ತನ್ನ ಕಟ್ಟು ತಂದ. ಅವನು ಕೈ ಬಿಡುವ ಮುಂಚೆಯೇ ನಾನು ಅದನ್ನು ತಿರುವಿ ನೋಡಿದ್ದೆ.

"ಇಡೋಕಾದ್ರೂ ಬಿಡು ಗುರು," ಅಂದ ಅವನು.